ಮೊದಲು ಪಂಕ್ತಿ ಬೇರೆಯಾಯಿತು, ಆಮೇಲೆ ವಚನ ದೊರೆಯಿತು

ದಕ್ಷಿಣ ಆಫ್ರಿಕದ ಸಭೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಸಭಾಹಿರಿಯರೊಬ್ಬರು ಹೀಗೆ ಬರೆದಿದ್ದಾರೆ: ‘ಸುವಾರ್ತೆ ಸಾರುವುದು ಸಭೆಯ ಕೆಲಸ. ರಾಜಕೀಯ ಒಳಗೆ ಬಂದರೆ ಸಭೆ ಒಡೆಯುತ್ತದೆ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳಿರುವಾಗ ಯಾವುದೋ ದೇಶದ ಜಗಳವನ್ನು ನಮ್ಮ ವಿಶ್ವಾಸಿಗಳ ಮುಂದೆ ಏಕೆ ತರುತ್ತೀರಿ?’

ಮಾನ್ಯ ಸಹೋದರರೇ,

ತಮ್ಮ ಆತಂಕದಲ್ಲಿ ನ್ಯಾಯವಿದೆ. ಚುನಾವಣೆಯ ಹೊತ್ತಿನಲ್ಲಿ ಪ್ರಸಂಗಪೀಠವನ್ನು ಒಂದು ಪಕ್ಷಕ್ಕೆ ಒಪ್ಪಿಸುವ ಸಭಾಪಾಲಕರನ್ನು ನಾನೂ ಒಪ್ಪುವವನಲ್ಲ. ಆದರೆ ಸಭೆಯೊಳಗೆ ಶುದ್ಧ ಬೋಧನೆ ಇರುತ್ತದೆ, ರಾಜಕೀಯವು ಹೊರಗಿನಿಂದ ಬಂದು ಅದನ್ನು ಕೆಡಿಸುತ್ತದೆ ಎಂಬ ತಮ್ಮ ಎಣಿಕೆಯನ್ನು ದಕ್ಷಿಣ ಆಫ್ರಿಕದ ಇತಿಹಾಸ ಪುಷ್ಟೀಕರಿಸುವುದಿಲ್ಲ.

ಡಚ್ ವಲಸಿಗರ ಪ್ರೊಟೆಸ್ಟೆಂಟ್ ಸಭೆಯಾದ ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್ (ಸಭೆಯ ಆಡಳಿತ ಮಂಡಳಿ) 1829ರಲ್ಲಿ, ಕರ್ತನ ಭೋಜನವನ್ನು, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು, ಮೈಬಣ್ಣ ಮತ್ತು ಹುಟ್ಟಿನ ಭೇದವಿಲ್ಲದೆ ಎಲ್ಲರಿಗೂ ಒಟ್ಟಿಗೇ ಕೊಡಬೇಕೆಂದು, ಇದು ದೇವರ ವಾಕ್ಯವನ್ನು ಆಧರಿಸಿದ ಕದಲದ ತತ್ವವೆಂದು ತೀರ್ಮಾನಿಸಿತ್ತು. ಮುಂದೆ ಗುಲಾಮರಿಗೆ ಬಿಡುಗಡೆಯಾಯಿತು. ನೆನ್ನೆಯವರೆಗೆ ತಮ್ಮ ಹೊಲದಲ್ಲಿ ದುಡಿದವರ ಜೊತೆ ಒಂದೇ ಪಾತ್ರೆಯಿಂದ ಕುಡಿಯಲು ಬಿಳಿಯ ಜಮೀನುದಾರರಿಗೆ ಮನಸ್ಸಾಗಲಿಲ್ಲ. 1857ರಲ್ಲಿ ಅದೇ ಸಿನೊಡ್, ಕೂಡಿ ಆರಾಧಿಸುವುದೇ ಸತ್ಯವೇದಕ್ಕೆ ಅನುಗುಣವೆಂದು ಒಪ್ಪಿಕೊಳ್ಳುತ್ತಲೇ, ‘ಕೆಲವರ ಬಲಹೀನತೆಯ’ ನಿಮಿತ್ತ ಪ್ರತ್ಯೇಕ ಕಟ್ಟಡದಲ್ಲಿ ಆರಾಧನೆ ನಡೆಸಲು ಅವಕಾಶ ಕೊಟ್ಟಿತು. ಪಂಕ್ತಿಭೇದ ಎಂದರೇನೆಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1881ರಲ್ಲಿ ಮಿಶ್ರವರ್ಣದವರಿಗೆಂದು ಬೇರೆ ಸಭೆಯೇ ಹುಟ್ಟಿತು. ಕಪ್ಪು ಜನರಿಗೆ ಮತ್ತೊಂದಾಯಿತು. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ನಮ್ಮ ಭಾರತೀಯರ ಸಂತತಿಯವರಿಗೆಂದು 1968ರಲ್ಲಿ ಇನ್ನೊಂದನ್ನು ಕಟ್ಟಿದರು. ಅದನ್ನು ‘ಯಾವುದೋ ದೇಶದ ಜಗಳ’ವೆಂದು ಹೇಗೆ ತಳ್ಳಿಹಾಕೋಣ?

ತಾವು ಗಮನಿಸಬೇಕಾದದ್ದು ಈ ಘಟನೆಗಳು ನಡೆದ ಕ್ರಮವನ್ನು. ಪ್ರತ್ಯೇಕತೆಗೆ ಸತ್ಯವೇದದ ಆಧಾರವಿದೆಯೆಂದು 1857ರಲ್ಲಿ ಯಾರೂ ವಾದಿಸಲಿಲ್ಲ, ಬಲಹೀನತೆಯೆಂದಷ್ಟೇ ಹೇಳಿದರು. 1948ರಲ್ಲಿ ವರ್ಣಭೇದ ನೀತಿಯ ನ್ಯಾಷನಲ್ ಪಕ್ಷವು ಅಧಿಕಾರ ಹಿಡಿದು, ಹಿಂದೆ ಇದೇ ಸಭೆಯ ಬೋಧಕರಾಗಿದ್ದ ಡಿ. ಎಫ್. ಮಲಾನ್ ಪ್ರಧಾನಿಯಾಗುವ ಹೊತ್ತಿಗೆ ಆ ಬಲಹೀನತೆ ದೇವರ ಚಿತ್ತವಾಗಿಬಿಟ್ಟಿತ್ತು. ಬಾಬೆಲ್ ಗೋಪುರದ ಬಳಿ ಜನಾಂಗಗಳನ್ನು ಚದರಿಸಿದವನು ದೇವರೇ ಅಲ್ಲವೇ ಎಂದರು ಪ್ರತ್ಯೇಕತೆಯ ಸಮರ್ಥಕರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಪೌಲನು, ದೇವರು ಎಲ್ಲ ಜನಾಂಗಗಳನ್ನು ಒಬ್ಬನಿಂದಲೇ ಹುಟ್ಟಿಸಿದನೆಂದು ಹೇಳಿ, ಅವುಗಳ ಮೇರೆಗಳನ್ನು ಗೊತ್ತುಮಾಡಿದನೆಂದೂ ಸೇರಿಸುತ್ತಾನೆ. ಇವರು ಮೊದಲರ್ಧವನ್ನು ದಾಟಿ ಮೇರೆಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ರಾಜಕೀಯವು ಬೋಧನೆಯನ್ನು ರೂಪಿಸುವ ಬಗೆ ಇದು. ಇದು ನಡೆಯುತ್ತಿದ್ದ ಅಷ್ಟು ದಶಕಗಳಲ್ಲೂ ಆ ಆಲಯಗಳಲ್ಲಿ ಭಾನುವಾರದ ಪ್ರಸಂಗ ತಪ್ಪಲಿಲ್ಲ.

ರೋಮಾಪುರದ ಪತ್ರಿಕೆಯ 13ನೆಯ ಅಧ್ಯಾಯದ ವಿಷಯಕ್ಕೆ ಬರುತ್ತೇನೆ. 1985ರ ಈಸ್ಟರ್ ಸಮಯದಲ್ಲಿ, ಕಪ್ಪು ಜನರ ಜಿಯಾನ್ ಕ್ರಿಶ್ಚಿಯನ್ ಸಭೆಯ ಕೇಂದ್ರವಾದ ಮೊರಿಯಾದಲ್ಲಿ ಸೇರಿದ್ದ ಅಪಾರ ಕಪ್ಪು ವಿಶ್ವಾಸಿಗಳ ಮುಂದೆ ಅಧ್ಯಕ್ಷ ಪಿ. ಡಬ್ಲ್ಯೂ. ಬೋತಾ ಅವರು ಎತ್ತಿ ಹೇಳಿದ್ದೂ ಇದೇ ಅಧ್ಯಾಯವನ್ನು. ತಮ್ಮನ್ನು ಅವರೊಂದಿಗೆ ಹೋಲಿಸುತ್ತಿಲ್ಲ. ತಮ್ಮ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ವಚನವನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಓದಿ ಹೇಳುತ್ತಾರೆಂಬುದನ್ನು ವಿಚಾರಿಸದೆ ಅದನ್ನು ಸ್ಪಷ್ಟವೆನ್ನುವುದು ತಮ್ಮಂತಹ ಹಿರಿಯರಿಗೆ ತಕ್ಕದ್ದಲ್ಲ. ಅದೇ ವರ್ಷ ಅಲ್ಲಿನ ದೇವಶಾಸ್ತ್ರಜ್ಞರು ಪ್ರಕಟಿಸಿದ ಕೈರೋಸ್ ದಾಖಲೆ ಈ ಅಧ್ಯಾಯದ ದುರ್ಬಳಕೆಯನ್ನು ವಿವರವಾಗಿ ಪರಿಶೀಲಿಸಿತು. ನ್ಯಾಯದ ಮಾತೆತ್ತದೆ ಸಮಾಧಾನವನ್ನು ಬೋಧಿಸುವ ಸಭೆಗಳನ್ನೂ ಅದು ಬಿಡಲಿಲ್ಲ. ‘ಸಭೆ ಒಡೆಯುತ್ತದೆ’ ಎಂಬ ತಮ್ಮ ಮಾತಿಗೂ ಉತ್ತರ ಈ ಇತಿಹಾಸದಲ್ಲಿದೆ: ಆ ಸಭೆ 1857ರಲ್ಲೇ ಒಡೆದಿತ್ತು, ಒಡೆದದ್ದನ್ನು ಒಡೆದಿದೆ ಎಂದು ಹೇಳಿದವರ ಮೇಲೆ ರಾಜಕೀಯದ ಆರೋಪ ಬಂತು.

ಹಾಗೆ ಹೇಳಿದವರಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದವರು ಬೇಯರ್ಸ್ ನಾಡೆ. ಆಫ್ರಿಕಾನರ್ (ಮುಖ್ಯವಾಗಿ ಡಚ್ ಮೂಲದ ಬಿಳಿಯರ) ರಾಷ್ಟ್ರೀಯತೆಯ ಗುಪ್ತಸಂಘವಾದ ಬ್ರೂಡರ್‌ಬಾಂಡ್‌ನ ಸ್ಥಾಪಕರಲ್ಲೊಬ್ಬರ ಮಗ, ಸ್ವತಃ ಅದರ ಸದಸ್ಯ, ಸಭೆಯಲ್ಲಿ ದೊಡ್ಡ ಸ್ಥಾನದಲ್ಲಿದ್ದವರು. 1960ರ ಮಾರ್ಚ್ 21ರಂದು ಕಪ್ಪು ಜನರ ಬಡಾವಣೆಯಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದರು. ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗಿನ ಕಾಟೆಸ್ಲೋದಲ್ಲಿ ಕೂಡಿದ ಸಭೆಗಳ ಪ್ರತಿನಿಧಿಗಳು, ಕ್ರಿಸ್ತನನ್ನು ನಂಬಿದ ಯಾರನ್ನೂ ಮೈಬಣ್ಣದ ಕಾರಣದಿಂದ ಯಾವ ಸಭೆಯಿಂದಲೂ ಹೊರಗಿಡಬಾರದೆಂದರು. ಪ್ರಧಾನಿ ಫರ್ವೂರ್ಟ್ ಅವರ ಅಸಮಾಧಾನ ತಿಳಿದದ್ದೇ ತಡ, ಡಚ್ ರಿಫಾರ್ಮ್ಡ್ ಸಿನೊಡ್‌ಗಳು ತಮ್ಮದೇ ಪ್ರತಿನಿಧಿಗಳ ಮಾತನ್ನು ತಳ್ಳಿಹಾಕಿದವು. ನಾಡೆ ಮಾತ್ರ ಹಿಂದೆಗೆಯಲಿಲ್ಲ. 1963ರಲ್ಲಿ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂಬ ವಾಕ್ಯದ ಮೇಲೆ ಪ್ರಸಂಗ ಮಾಡಿ ಸಭಾಪಾಲಕತ್ವ ಬಿಟ್ಟುಕೊಟ್ಟರು. 1977ರಿಂದ ಏಳು ವರ್ಷ ಸರ್ಕಾರದ ನಿರ್ಬಂಧದಲ್ಲಿ ಕಳೆದರು. ಅವರದು ರಾಜಕೀಯವೋ, ಸಾಕ್ಷಿಯೋ?

1982ರಲ್ಲಿ ಒಟ್ಟಾವದಲ್ಲಿ ಸೇರಿದ ರಿಫಾರ್ಮ್ಡ್ ಸಭೆಗಳ ವಿಶ್ವಕೂಟದಲ್ಲಿ ದಕ್ಷಿಣ ಆಫ್ರಿಕದ ಕಪ್ಪು ಪ್ರತಿನಿಧಿಗಳು ಕರ್ತನ ಭೋಜನ ಸ್ವೀಕರಿಸಲು ನಿರಾಕರಿಸಿದರು: ತವರಿನಲ್ಲಿ ತಮಗೆ ಸಿಗದ ಪಂಕ್ತಿ ಇಲ್ಲಿ ಮಾತ್ರ ಏಕೆಂಬುದು ಅವರ ಪ್ರಶ್ನೆ. ಆ ಕೂಟವು ವರ್ಣಭೇದ ನೀತಿಯನ್ನು ಪಾಪವೆಂದೂ ಅದಕ್ಕೆ ದೇವಶಾಸ್ತ್ರದ ಸಮರ್ಥನೆ ಕೊಡುವುದನ್ನು ಪಾಷಂಡ ಬೋಧನೆಯೆಂದೂ ಸಾರಿತು. ಅದೇ ವರ್ಷ ಮಿಶ್ರವರ್ಣದವರ ಸಭೆ ಕೇಪ್‌ಟೌನಿನ ಬೆಲ್ಹಾರ್‌ನಲ್ಲಿ ಒಂದು ವಿಶ್ವಾಸಪ್ರಮಾಣವನ್ನು ಸಿದ್ಧಪಡಿಸಿತು.

ನನ್ನನ್ನು ನಿಜವಾಗಿ ನೋಯಿಸುವುದು ಬೇರೆಯೇ ಇದೆ. ನಮ್ಮ ಕನ್ನಡ ಸಭೆಗಳಲ್ಲಿ ಮಿಷನರಿಗಳ ಚರಿತ್ರೆಯನ್ನು ಮಕ್ಕಳೂ ಬಲ್ಲರು. ಸಭೆಗಳು ಸಂಕಟದಲ್ಲಿ ಬರೆದ ಪ್ರಮಾಣಗಳನ್ನು ಹಿರಿಯರೂ ಓದಿಲ್ಲ. ಸಭಾಪತ್ರಿಕೆಗಳು ಜೂಬಿಲಿಯ ಹಾರತುರಾಯಿಗಳ ಚಿತ್ರಗಳಿಂದ ತುಂಬಿರುತ್ತವೆ. ಸ್ಮಶಾನದಲ್ಲೂ ಮದುವೆಯ ಮಾತುಕತೆಯಲ್ಲೂ ಜಾತಿಯನ್ನು ಕೇಳುವ ವಿಶ್ವಾಸಿಗಳು ಈ ದೇಶದ ಸಭೆಗಳಲ್ಲಿ ಇರುವಾಗ, ‘ಕೆಲವರ ಬಲಹೀನತೆ’ ಎಂಬ ಮಾತನ್ನು ಓದಿ ನಾವು ತಲೆ ತಗ್ಗಿಸಬೇಕಾಗಿತ್ತು. ಬೆಲ್ಹಾರ್ ಪ್ರಮಾಣ ಚಿಕ್ಕದು, ಒಂದೇ ಕೂಟದಲ್ಲಿ ಓದಿ ಮುಗಿಸಬಹುದು. ತಮ್ಮ ಸಭೆಯ ವೇದಪಾಠದಲ್ಲಿ ಅದನ್ನು ರೋಮಾಪುರದ 13ನೆಯ ಅಧ್ಯಾಯದ ಜೊತೆಗೇ ಇಟ್ಟು ಓದಿಸಿ, ಅಲ್ಲಿ ಎದ್ದ ಪ್ರಶ್ನೆಗಳನ್ನು ಬರೆದು ಕಳುಹಿಸಿ. ಭಿನ್ನಾಭಿಪ್ರಾಯವಿದ್ದರೂ ಪ್ರಕಟಿಸುತ್ತೇನೆ.

– ಸಂಪಾದಕ