ರಿಪೇರಿ ಆಮೇಲೆ, ಮೊದಲು ನಕಲು

ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ ಎಂದು ಬರೆಯುವವರೆಲ್ಲ ‘ಡಿಸ್ಕ್ ಸರಿಮಾಡುವುದು ಹೇಗೆ’ ಎಂದೇ ಕೇಳುತ್ತಾರೆ. ಒಳಗಿನ ಫೋಟೊ ಬೇಕೋ ಡಿಸ್ಕ್ ಬೇಕೋ ಎಂದು ತಿರುಗಿ ಕೇಳಿದರೆ, ಫೋಟೊ ಅನ್ನುತ್ತಾರೆ. ಹಾಗಿದ್ದರೆ ಸರಿಮಾಡುವ ಮಾತು ಬಿಡಿ. ಈ ಸಲ ಒಂದು ಪತ್ರಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಐದು ವರ್ಷದ ಲ್ಯಾಪ್‌ಟಾಪ್. ಎರಡು ವಾರದಿಂದ ಒಂದು ಫೋಲ್ಡರ್ ತೆರೆಯಲು ಐದಾರು ನಿಮಿಷ ಹಿಡಿಯುತ್ತಿದೆ. ಮಗಳ ಫೋಟೊ, ತೀರಿಕೊಂಡ ಅಪ್ಪನ ಧ್ವನಿಮುದ್ರಣ ಎಲ್ಲ ಅದರಲ್ಲೇ ಇವೆ. ಪರಿಚಯದವರು ಹೇಳಿದರೆಂದು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದೆ. ರಾತ್ರಿಯಿಂದ ಶೇ 11ರಲ್ಲೇ ನಿಂತಿದೆ. ಕಾಯಬೇಕೇ?

ಕಾಯಬೇಡಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಲು ಹೋಗಬೇಡಿ. ನಡುವೆ ನಿಲ್ಲಿಸಿದರೆ ಇನ್ನಷ್ಟು ಹಾಳಾದೀತು ಎಂಬ ಭಯ ನಿಮಗಿರಬಹುದು. ಮುಂದುವರಿಸಿದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು.

ಚೆಕ್‌ಡಿಸ್ಕ್ ಇರುವುದು ಡಿಸ್ಕಿನ ಲೆಕ್ಕಪತ್ರ ತಾಳೆ ಮಾಡುವುದಕ್ಕೆ. ನಿಮ್ಮ ಅಪ್ಪನ ಧ್ವನಿ ಉಳಿಯಿತೇ ಎಂಬುದು ಅದಕ್ಕೆ ಸಂಬಂಧವಿಲ್ಲ. ಓದಲಾಗದ ನಮೂದು ಸಿಕ್ಕರೆ ಅಳಿಸಿಬಿಡುತ್ತದೆ, ವಾರಸುದಾರರಿಲ್ಲದ ತುಣುಕುಗಳನ್ನು ‘ಫೌಂಡ್.000’ ಎಂಬ ಫೋಲ್ಡರಿನಲ್ಲಿ ನಂಬರು ಹಾಕಿ ಗುಡ್ಡೆ ಮಾಡುತ್ತದೆ. ಕರೆಂಟು ಹೋಗಿ ಗಲಿಬಿಲಿಯಾದ ಆರೋಗ್ಯವಂತ ಡಿಸ್ಕಿಗೆ ಅದು ಒಳ್ಳೆಯ ಸಾಧನ. ಸಾಯುತ್ತಿರುವ ಡಿಸ್ಕಿಗಲ್ಲ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಒಬ್ಬ ಅಜ್ಜಿಯ ಡಿಸ್ಕಿಗೆ ಇದನ್ನೇ ಮಾಡಿದ್ದೆ. ಬೆಳಿಗ್ಗೆ ನೋಡಿದರೆ ಹೆಸರಿಲ್ಲದ ಫೈಲುಗಳ ರಾಶಿ, ಅರ್ಧಕ್ಕರ್ಧ ತೆರೆಯಲೇ ಇಲ್ಲ. ಅವರ ಮುಖ ಇನ್ನೂ ಮರೆತಿಲ್ಲ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುವುದು ಅದಕ್ಕೇ.

ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಹೆಡ್ಡು ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದಂತೆ ಕೆಟ್ಟ ಜಾಗ, ಎದುರಾದರೆ ಡಿಸ್ಕ್ ಸುಮ್ಮನೆ ಬಿಡುವುದಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ನಿಮ್ಮ ಫೋಲ್ಡರ್ ತೆರೆಯಲು ಐದು ನಿಮಿಷ ಹಿಡಿಯುವುದು ಈ ಹೆಣಗಾಟದಿಂದಲೇ ಇರಬೇಕು. ಹೆಡ್ಡು ಸವೆದಿದ್ದರೆ ಪ್ರತಿ ಪ್ರಯತ್ನಕ್ಕೂ ಇನ್ನಷ್ಟು ಸವೆಯುತ್ತದೆ. ಅದರ ಮೇಲೇ ವಿಂಡೋಸ್ ಬೂಟ್ ಮಾಡಿದರೆ, ನೀವು ಏನೂ ಮುಟ್ಟದಿದ್ದರೂ ಹಿನ್ನೆಲೆಯಲ್ಲಿ ಓದು, ಬರಹ ನಡೆದೇ ಇರುತ್ತದೆ.

ಆದ್ದರಿಂದ ಡಿಸ್ಕನ್ನು ಹೊರತೆಗೆದು, ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಬೇರೆ ಕಂಪ್ಯೂಟರಿಗೆ ಜೋಡಿಸಿ. ನೇರವಾಗಿ ಸಾಟಾ ಕೇಬಲ್ಲಿಗೆ ಸಿಕ್ಕಿಸಿದರೆ ಉತ್ತಮ, ಆಗದಿದ್ದರೆ ಯುಎಸ್‌ಬಿ ಅಡಾಪ್ಟರ್. ಅದಕ್ಕಿಂತ ದೊಡ್ಡದಾದ ಖಾಲಿ ಡಿಸ್ಕ್ ಒಂದು ಬೇಕು. ಮೊದಲು ಸ್ಮಾರ್ಟ್ ವರದಿ, ಅಂದರೆ ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿ. 05 (ಕೆಟ್ಟು ಬದಲಾಯಿಸಿದ ಸೆಕ್ಟರುಗಳು) ಮತ್ತು ಸಿ5 (ಓದಲಾಗದೆ ಬಾಕಿ ಉಳಿದವು) ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆ ಬಿಟ್ಟು ಏರುತ್ತಿದ್ದರೆ ಅನುಮಾನವೇ ಬೇಡ. ಅವು ಸೊನ್ನೆಯಾಗಿದ್ದು ಸಿ7 (ಡೇಟಾ ಸಾಗಣೆಯ ದೋಷಗಳ ಎಣಿಕೆ) ಮಾತ್ರ ಏರುತ್ತಿದ್ದರೆ ತಪ್ಪು ಕೇಬಲ್ಲಿನದಾಗಿರುವ ಸಾಧ್ಯತೆಯೇ ಹೆಚ್ಚು.

ಆಮೇಲೆ ಗ್ನೂ ಡಿಡಿರೆಸ್ಕ್ಯೂ. ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲಾಗಿ ನಕಲು ಮಾಡುವ ಉಚಿತ ತಂತ್ರಾಂಶ ಇದು. ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಇಡುತ್ತದೆ. ಮೊದಲ ಸುತ್ತಿನಲ್ಲಿ ‘ಮೈನಸ್ ಎನ್’ ಹಾಕಿ. ಆಗ ಕೆಟ್ಟ ಜಾಗಗಳನ್ನು ಕೆರೆಯುವ ಕೆಲಸಕ್ಕೆ ಅದು ಇಳಿಯುವುದಿಲ್ಲ. ಯಾವ ಭಾಗ ಬಂತು, ಯಾವುದು ಬಾಕಿ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಈ ಮ್ಯಾಪ್ ಫೈಲನ್ನು ಒಳ್ಳೆಯ ಡಿಸ್ಕಿನಲ್ಲೇ ಇಡಿ. ಪೆನ್‌ಡ್ರೈವ್ ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ರೀಬೂಟ್ ಆದೊಡನೆ ಸಾಮಾನ್ಯವಾಗಿ ಮಾಯವಾಗುತ್ತದೆ. ಎಂಟರ್ ಒತ್ತುವ ಮುನ್ನ ಎರಡು ಡಿಸ್ಕುಗಳ ಸೀರಿಯಲ್ ನಂಬರನ್ನು ಲೇಬಲ್ಲಿನ ಜತೆ ಹೋಲಿಸಿ, ಒಂದು ಸಲ ಅಲ್ಲ, ಮೂರು ಸಲ. ಮೂಲ, ಗುರಿ ಅದಲುಬದಲಾದರೆ ನಿಮ್ಮ ಕೈಯಾರೆ ಎಲ್ಲ ಅಳಿಸಿದಂತೆ.

1 ಟಿಬಿ ಡಿಸ್ಕ್ ಆರೋಗ್ಯವಾಗಿದ್ದರೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸುಮಾರು ಮೂರು ಗಂಟೆಯ ಕೆಲಸ. ಇಂಥ ಡಿಸ್ಕಿಗೆ ದಿನಗಟ್ಟಲೆ ಬೇಕಾಗಬಹುದು. ಡಿಸ್ಕ್ ತಣ್ಣಗಿರಲಿ, ಅಲುಗಾಡದಿರಲಿ. ಫೈಲು ಹುಡುಕುವುದು, ಡಿಸ್ಕಿನ ಕಳೆದುಹೋದ ವಿಭಾಗ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸುವುದು ಎಲ್ಲವೂ ನಕಲಿನ ಮೇಲೆ ಮಾತ್ರ. ಫೋಟೊರೆಕ್ ಕೊನೆಯ ಅಸ್ತ್ರ. ಅದು ಚಿತ್ರಗಳನ್ನು ಹೆಕ್ಕಿ ಕೊಡುತ್ತದೆ, ಆದರೆ ಮೂಲ ಹೆಸರು, ಫೋಲ್ಡರ್ ಉಳಿಯುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಈಗಲೇ ಹುಡುಕಿಡಿ. ಅದಿಲ್ಲದಿದ್ದರೆ ನಕಲು ಎಷ್ಟು ಚೆನ್ನಾಗಿ ಬಂದರೂ ಒಳಗಿನದನ್ನು ಓದಲಾಗದು.

ನಿಮಗೊಂದು ಮಾತು ನೇರವಾಗಿ ಹೇಳಬೇಕು. ಅಪ್ಪನ ಧ್ವನಿ ಬೇರೆಲ್ಲೂ ಇಲ್ಲವೆಂದಾದರೆ, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಮೇಲಿನ ಯಾವುದನ್ನೂ ಮನೆಯಲ್ಲಿ ಮಾಡುತ್ತಿರಲಿಲ್ಲ. ಕ್ಲೀನ್ ರೂಮ್ (ಡಿಸ್ಕ್ ಬಿಚ್ಚಲು ಧೂಳಿಲ್ಲದಂತೆ ಕಾಪಾಡಿದ ಕೋಣೆ) ಇರುವ ಡೇಟಾ ರಿಕವರಿ ಲ್ಯಾಬಿಗೇ ಕೊಡುತ್ತಿದ್ದೆ. ಈಗಾಗಲೇ ಒಂದು ರಾತ್ರಿಯ ಚೆಕ್‌ಡಿಸ್ಕ್ ಅದರ ಆಯುಷ್ಯ ತಿಂದಿದೆ. ಕೊಡುವ ಮುನ್ನ, ಮೊದಲು ಇಮೇಜ್ ತೆಗೆಯುತ್ತೀರಾ ಎಂದು ಕೇಳಿ, ಪರೀಕ್ಷೆಯ ನಂತರದ ಖರ್ಚನ್ನು ಬರಹದಲ್ಲಿ ಪಡೆಯಿರಿ. ಡಿಸ್ಕ್ ನೋಡುವ ಮೊದಲೇ ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವವರ ಕೈಗೆ ಕೊಡಬೇಡಿ.

ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದಂತೆ?

ಇಲ್ಲ. ಹೊರತೆಗೆದಾಗ ತಟ್ಟೆಯ ಮೇಲೆ ನೀರ ಹನಿ ಕೂರಬಹುದು, ಆಮೇಲೆ ಲ್ಯಾಬಿನವರಿಗೂ ಕಷ್ಟ.

ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡ್ ಹಾಕಬಹುದೇ?

ಇಂದಿನ ಡಿಸ್ಕುಗಳಲ್ಲಿ ಬರೀ ಬೋರ್ಡ್ ಬದಲಿಸಿದರೆ ಸಾಲದು. ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೆಯ ಬೋರ್ಡಿನ ರೋಮ್ ಚಿಪ್ಪಿನಲ್ಲಿರುತ್ತದೆ, ಅದನ್ನೂ ವರ್ಗಾಯಿಸಬೇಕು.

ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲು?

ಟ್ರಿಮ್ (ಅಳಿಸಿದ ಜಾಗ ಇನ್ನು ಬೇಡವೆಂದು ಎಸ್‌ಎಸ್‌ಡಿಗೆ ತಿಳಿಸುವ ಆಜ್ಞೆ) ಕೆಲಸ ಮಾಡಿದ್ದರೆ ಬಹುತೇಕ ಹೋದಂತೆಯೇ. ಯಾವ ತಂತ್ರಾಂಶಕ್ಕೂ ದುಡ್ಡು ಕೊಡಬೇಡಿ.

ಡಿಸ್ಕಿನಿಂದ ಟಕ್ ಟಕ್ ಸದ್ದು. ವಿಡಿಯೊದಲ್ಲಿ ತೋರಿಸಿದಂತೆ ಮುಚ್ಚಳ ತೆಗೆದು ಹೆಡ್ಡನ್ನು ಪಕ್ಕಕ್ಕೆ ಸರಿಸಲೇ?

ಬೇಡವೇ ಬೇಡ. ಹೆಡ್ಡಿಗೆ ತನ್ನ ದಾರಿಯ ಗುರುತು ಓದಲಾಗದೆ ಮರಳಿ ಮರಳಿ ಹಿಂದಕ್ಕೆ ಹೋಗುವಾಗ ಬರುವ ಸದ್ದು ಅದು. ಹೆಡ್ಡು ತೇಲುವ ಎತ್ತರಕ್ಕೆ ಹೋಲಿಸಿದರೆ ಮನೆಯ ಧೂಳಿನ ಒಂದು ಕಣ ಬಂಡೆಗಲ್ಲಿನಷ್ಟು ದೊಡ್ಡದು. ವಿಡಿಯೊ ಮಾಡಿದವರಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ, ನಿಮಗಿದೆ. ಡಿಸ್ಕ್ ಆಫ್ ಮಾಡಿ, ಮೆತ್ತನೆಯದರಲ್ಲಿ ಸುತ್ತಿ, ಹಾಗೆಯೇ ಲ್ಯಾಬಿಗೆ ಒಯ್ಯಿರಿ. ಇನ್ನೊಂದೇ ಒಂದು ಸಲ ಆನ್ ಮಾಡಿ ನೋಡೋಣ ಎನ್ನಿಸುತ್ತದೆ, ನೋಡಬೇಡಿ.