ಪ್ಲೇಗ್ರೌಂಡ್ ಎಂದರೆ ಮೈದಾನವೇ?

ಮೂಡಿಗೆರೆ ಕಡೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಶಾಲೆಗೆ ದಾನಿಗಳು ಜಾರುಬಂಡೆ, ಉಯ್ಯಾಲೆ ಹಾಕಿಸಿಕೊಟ್ಟಿದ್ದಾರೆ. ಬೋರ್ಡಿನಲ್ಲಿ ಇಂಗ್ಲಿಷಿನ ಪ್ಲೇಗ್ರೌಂಡ್ ಪದವನ್ನು ಬಿಡಿಸಿ ಬರೆಸಬೇಕೋ, ಕೂಡಿಸಿಯೋ? ಅದು ಎಲ್ಲಿಂದ ಬಂದ ಪದ? ಕನ್ನಡದಲ್ಲಿ 'ಮೈದಾನ' ಎಂದು ಬರೆಸೋಣವೆಂದರೆ ಇಷ್ಟು ಸಣ್ಣ ಜಾಗಕ್ಕೆ ಅದು ಜಾಸ್ತಿಯಾಗಲ್ವಾ?"

ಮೇಡಂ, ಕಾಗದ ಓದಿ ತುಂಬಾ ಖುಷಿಯಾಯಿತು. ಬೋರ್ಡಿಗೆ ಬಣ್ಣ ಬೀಳುವ ಮುಂಚೆ ಇಷ್ಟು ಯೋಚಿಸುವವರು ಕಡಿಮೆ.

ಇಂಗ್ಲಿಷಿನಲ್ಲಿ ಅದು ಒಂದೇ ಪದ, ಕೂಡಿಸಿಯೇ ಬರೆಯಬೇಕು. ಹಿಂದೆ ನಡುವೆ ಗೆರೆ ಹಾಕುತ್ತಿದ್ದರು, ಈಗ ಇಲ್ಲ. ಎರಡು ತುಂಡೂ ಹಳೆಯ ಇಂಗ್ಲಿಷಿನವು. 'ಪ್ಲೇ' ಎನ್ನುವುದಕ್ಕೆ ಆಗ ಚುರುಕಾಗಿ ಮೈ ಆಡಿಸುವುದು ಎಂಬ ಅರ್ಥವೂ ಇತ್ತು. ಕತ್ತಿ ಕಾಳಗಕ್ಕೂ 'ಕತ್ತಿಯ ಆಟ' ಎನ್ನುತ್ತಿದ್ದರು. 'ಗ್ರೌಂಡ್' ಎಂದರೆ ತಳ, ನೆಲ. ಎರಡೂ ಸೇರಿದ್ದು ಬಹಳ ತಡವಾಗಿ, 18ನೇ ಶತಮಾನದ ಕೊನೆಯ ಹೊತ್ತಿಗೆ. ಮೊದಲಿಗೆ ಅದು ಶಾಲೆಗೆ ಅಂಟಿಕೊಂಡ ಅಂಗಳದ ಹೆಸರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಆ ಪದ ಕೇಳಿದರೆ ಮೊದಲು ನೆನಪಾಗುವುದು ಶಾಲೆಯ ಅಂಗಳವೇ. ಉಯ್ಯಾಲೆ, ಜಾರುಬಂಡೆಯ ಅರ್ಥ ಆಮೇಲೆ ಬಂದದ್ದು. 1880ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಊರ ಮಕ್ಕಳಿಗೆಂದು ಮೊದಲು ಮಾಡಿಕೊಟ್ಟದ್ದು ಬರೀ ಮರಳ ರಾಶಿ. 1943ರಲ್ಲಿ, ಯುದ್ಧದ ನಡುವೆ, ಡೆನ್ಮಾರ್ಕಿನ ಎಂಡ್ರಪ್‌ನಲ್ಲಿ ಮಕ್ಕಳಿಗೆ ಹಳೆಯ ಹಲಗೆ, ಇಟ್ಟಿಗೆ ಕೊಟ್ಟು ಬೇಕಾದ್ದು ಕಟ್ಟಿಕೊಳ್ಳಿ ಎಂದು ಬಿಟ್ಟರು. ಅದೂ ಪ್ಲೇಗ್ರೌಂಡೇ.

ಮೈದಾನದ ಬಗ್ಗೆ ನಿಮ್ಮ ಅನುಮಾನ ಸರಿ. ಅದು ಪರ್ಷಿಯನ್ ಕಡೆಯಿಂದ ಬಂದು ನಮ್ಮದೇ ಆಗಿಹೋದ ಪದ, ಆದರೆ ಅದಕ್ಕೆ ವಿಸ್ತಾರ ಬೇಕು. ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ ಸ್ವಾತಂತ್ರ್ಯ ದಿನದ ಪರೇಡ್ ನಡೆಯುತ್ತದೆ. ನಮ್ಮ ಹುಡುಗರು "ಗ್ರೌಂಡಿಗೆ ಹೋಗ್ತೀನಿ" ಎಂದರೂ ಅದು ಕ್ರಿಕೆಟ್ಟಿನ ಬಯಲೇ. ಕ್ರೀಡಾಂಗಣ ಎಂದರಂತೂ ಸ್ಟೇಡಿಯಂ ಆಗಿಬಿಟ್ಟಿದೆ.

ನಾನು ಚಿಕ್ಕವನಿದ್ದಾಗ ನಮ್ಮ ಆಟದ ಜಾಗ ಕಾಫಿ ಕಣ. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಹಣ್ಣು ಹರವಿರುತ್ತಿದ್ದರು, ಅಜ್ಜಿ ಜಗಲಿಯಿಂದಲೇ "ತುಳೀಬೇಡ್ರೋ!" ಎಂದು ಕೂಗುತ್ತಿದ್ದರು. ಕಾಫಿ ಒಣಗಿ ಮೂಟೆ ಕಟ್ಟಿದ ಸಂಜೆಯೇ ಕಣ ನಮ್ಮದು. ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದೆವು. ಸಂದಿಯಲ್ಲಿ ಸಿಕ್ಕಿಕೊಂಡ ಒಣ ಕಾಯಿ ಬರಿಗಾಲಿಗೆ ಚುಚ್ಚುತ್ತಿತ್ತು. ಆದರೂ 'ಕಣ' ಎಂದು ಬರೆಸಿ ಎನ್ನಲಾರೆ. ಮಲೆನಾಡಿನಲ್ಲಿ ಆ ಹೆಸರು ಕಾಫಿಗೇ ಸಲ್ಲಬೇಕು.

ಆದರೆ ನಮ್ಮಲ್ಲಿ ಒಂದು ಚಂದದ ಹಳೆಯ ಪದ ಇದೆ: ಆಡುಂಬೊಲ. ಬಿಡಿಸಿ ನೋಡಿ. 'ಆಡು' ಅಂದರೆ ಆಡುವುದು. 'ಬೊಲ' ಅಂದರೆ ಹಳಗನ್ನಡದ ಪೊಲ, ನಾವು ದಿನಾ ಹೇಳುವ ಹೊಲ. ಪಾಲು ಹಾಲಾದ ಹಾಗೆ ಪೊಲ ಹೊಲವಾಯಿತು. ಈ ಪದದೊಳಗೆ ಮಾತ್ರ ಅದು ಬೊಲವಾಗಿ ಉಳಿದಿದೆ. ಆಟ ಮತ್ತು ನೆಲ, ಇಂಗ್ಲಿಷಿನವರು ಜೋಡಿಸಿದ್ದೂ ಇದನ್ನೇ. ನಾವು ಅವರಿಗಿಂತ ಎಷ್ಟೋ ಮೊದಲೇ ಜೋಡಿಸಿಕೊಂಡಿದ್ದೆವು. ಈಗ ಅದು ಭಾಷಣ, ಬರಹಗಳಲ್ಲಿ ಹೋಲಿಕೆಯಾಗಿ ಮಾತ್ರ ಬರುತ್ತದೆ: ಈ ಬೆಟ್ಟ ಚಾರಣಿಗರ ಆಡುಂಬೊಲ, ಆ ಊರು ಕಲೆಯ ಆಡುಂಬೊಲ ಎಂದು. ಮಕ್ಕಳ ಪದ ದೊಡ್ಡವರ ಕೈಗೆ ಹೋಗಿ, ಮಕ್ಕಳಿಗೇ ಇಲ್ಲದ ಹಾಗಾಗಿದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ಯಾರಾದರೂ ಹೇಳಬಹುದು. ಡೈನೋಸಾರ್ ಹೆಸರುಗಳನ್ನು ಪಟಪಟ ಹೇಳುವ ಮಕ್ಕಳು ಅವರು! ದಿನಾ ಮೂರು ಸಲ ಆ ಬೋರ್ಡಿನ ಕೆಳಗೆ ಓಡಿದರೆ ವಾರದಲ್ಲಿ ಬಾಯಿಗೆ ಬರುತ್ತದೆ.

'ಮಕ್ಕಳ ಆಡುಂಬೊಲ' ಎಂದು ದೊಡ್ಡದಾಗಿ ಬರೆಸಿ, ಮೇಡಂ. ದಾನಿಗಳು ಇಂಗ್ಲಿಷೂ ಇರಲಿ ಎಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ, ಕೂಡಿಸಿ.

— ಸಂಪಾದಕ