ಬಸ್ ತಡವಾಯಿತು ಅಂತ ಬುರ್ಜ್ ಖಲೀಫಾ ಕಟ್ಟುತ್ತಿದ್ದ ಕಾರ್ಮಿಕರು ದಂಗೆ ಎದ್ದಿದ್ದು ಯಾಕೆ?

ಬಸ್ ಬರೀ ನೆಪ. ಸಿಟ್ಟು ಮೊದಲೇ ಒಳಗೆ ಕುದಿಯುತ್ತಿತ್ತು. ಅದನ್ನು ಹೇಳಿಕೊಳ್ಳಲು ಅವರಿಗೆ ನೆಟ್ಟಗಿನ ದಾರಿಯೇ ಇರಲಿಲ್ಲ.

2006ರ ಮಾರ್ಚ್ 21ರ ಸಂಜೆ. ಪಾಳಿ ಮುಗಿಸಿದವರು ಕ್ಯಾಂಪಿಗೆ ಹೋಗುವ ಬಸ್ಸಿಗೆ ಕಾದು ನಿಂತಿದ್ದರು. ದಿನವಿಡೀ ದುಬೈ ಬಿಸಿಲಲ್ಲಿ ದುಡಿದ ಮೈ. ಬಸ್ ತಡವಾದಷ್ಟೂ ಅಡುಗೆ, ಊಟ, ನಿದ್ದೆಯ ಹೊತ್ತು ಹೋಗುತ್ತದೆ. ಸುಮಾರು 2,500 ಜನ ರೊಚ್ಚಿಗೆದ್ದರು. ಕಾರು, ಕಚೇರಿಯ ಕಂಪ್ಯೂಟರ್, ಯಂತ್ರಗಳು ಪುಡಿಯಾದವು. ಮರುದಿನ ಬಂದರೂ ಕೆಲಸ ಮುಟ್ಟಲಿಲ್ಲ, ಕೂಲಿ ಜಾಸ್ತಿ ಮಾಡಿ ಅಂತ ಪಟ್ಟು ಹಿಡಿದರು. ಆಗ ಸಾಮಾನ್ಯ ಕೂಲಿಯವರಿಗೆ ದಿನಕ್ಕೆ ಸಿಗುತ್ತಿದ್ದುದು ಸುಮಾರು 4 ಡಾಲರ್, ನುರಿತ ಬಡಗಿಗೆ ಏಳೂವರೆ.

ಬೇರೆ ಕೆಲಸ ನೋಡಿಕೊಳ್ಳಬಹುದಿತ್ತಲ್ವಾ? ಇಲ್ಲ. ಅಲ್ಲಿದ್ದುದು ‘ಕಫಾಲ’ ಪದ್ಧತಿ. ಅಂದರೆ ಕಾರ್ಮಿಕನ ವೀಸಾ ಕೆಲಸ ಕೊಟ್ಟ ಮಾಲೀಕನಿಗೇ ಅಂಟಿಕೊಂಡಿರುತ್ತದೆ. ಅವನು ಒಪ್ಪದೆ ಇನ್ನೊಂದು ಕಡೆ ಸೇರುವಂತಿರಲಿಲ್ಲ. ಎಷ್ಟೋ ಜನರ ಪಾಸ್‌ಪೋರ್ಟ್ ಕೂಡ ಮಾಲೀಕರ ಬೀರುವಿನಲ್ಲೇ ಇರುತ್ತಿತ್ತು. ಸುಮ್ನೆ ಊರಿಗೆ ಮರಳೋಣ ಅಂದರೆ ಏಜೆಂಟನಿಗೆ ಕೊಡಲು ಬಡ್ಡಿಗೆ ತಂದ ಸಾಲ ಬಾಯಿ ತೆರೆದು ಕೂತಿರುತ್ತಿತ್ತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಬಡ ಮನೆಗಳಿಂದ ಹೋದವರೇ ಜಾಸ್ತಿ. ಸಂಘ ಕಟ್ಟುವುದಕ್ಕಾಗಲೀ ಮುಷ್ಕರ ಹೂಡುವುದಕ್ಕಾಗಲೀ ಅಲ್ಲಿ ಅವಕಾಶವಿರಲಿಲ್ಲ.

ಈ ಸಂಕಟ ಒಂದೇ ಕಟ್ಟಡದ್ದೂ ಅಲ್ಲ. ಮರುದಿನ ದುಬೈ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಕಟ್ಟುತ್ತಿದ್ದವರೂ ಇವರ ಬೆಂಬಲಕ್ಕೆ ಕೆಲಸ ನಿಲ್ಲಿಸಿದರು.